ಹೆಸರು ಅಳಿಸಿಹೋದ ಹನ್ನೊಂದು ಚೀಲಗಳು

ಗುರುವಾರ ಬರಬೇಕಾಗಿದ್ದ ಐದು ಪೆಟ್ಟಿಗೆಗಳು ಸೋಮವಾರ ಬಂದವು. ನಡುವಿನ ದಿನಗಳಲ್ಲಿ ಅವು ಎಲ್ಲಿದ್ದವು ಎಂದು ಕೇಳಿದರೆ ವಿಮಾನ ನಿಲ್ದಾಣದ ಕಾರ್ಗೋ ಶೆಡ್ಡಿನ ಕೌಂಟರಿನಲ್ಲಿದ್ದವನು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ "ಟ್ರಾನ್ಸಿಟ್‌ನಲ್ಲಿ" ಎಂದ. ಯಾವ ಊರಿನಲ್ಲಿ ಎಂದೆ. ಮತ್ತೆ "ಟ್ರಾನ್ಸಿಟ್" ಎಂದ. ಅವು ಹೊರಟ ಉತ್ತರದ ಕಡೆ ಮಂಜು ಕವಿದು ವಿಮಾನಗಳು ಏಳಲಿಲ್ಲ ಎಂಬುದು ನನಗೂ ಗೊತ್ತಿತ್ತು. ಮಂಜನ್ನು ಬೈದು ಪ್ರಯೋಜನವಿಲ್ಲ. ಆದರೆ ಪ್ರತಿ ಪೆಟ್ಟಿಗೆಯ ನಾಲ್ಕೂ ಬದಿಗೆ ‘ಫ್ರೀಜರಿನಲ್ಲಿಡಿ’ ಎಂದು ಅಂಟಿಸಿದ್ದ ಕೆಂಪು ಕಾಗದ ಹಾಗೇ ಇತ್ತು, ಮೂಲೆಯಿಂದ ಕಂದು ನೀರು ಜಿನುಗುತ್ತಿತ್ತು. ಆಗಸ್ಟಿನ ಬಿಸಿಲಿನಲ್ಲಿ ವ್ಯಾನಿನ ಎಸಿಯನ್ನು ಕೊನೆಯ ತನಕ ತಿರುಗಿಸಿ, ಹೈವೇಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ತೆವಳಿ, ಮಿಸ್ಸಿಸಾಗದಲ್ಲಿರುವ ನಮ್ಮ ಲ್ಯಾಬಿಗೆ ತಲುಪುವಷ್ಟರಲ್ಲಿ ವ್ಯಾನಿನೊಳಗೆ ಹಳೆಯ ಕೆರೆಯ ವಾಸನೆ ಹಿಡಿದಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಹುಲ್ಲು, ಹಾವಸೆ, ಕಲ್ಲುಹೂವು, ಬೆರಳುದ್ದದ ಪೊದೆ. ಆರ್ಕ್ಟಿಕ್ ದ್ವೀಪವೊಂದರಲ್ಲಿ, ಮರವೆಂಬುದೇ ಇಲ್ಲದ ಟಂಡ್ರಾ ಬಯಲಿನಲ್ಲಿ, ನಮ್ಮ ತಂಡ ಬಹಳ ವರ್ಷಗಳಿಂದ ನಲವತ್ತು ಜಾಗಗಳನ್ನು ಗುರುತು ಹಾಕಿ ನೋಡಿಕೊಂಡು ಬಂದಿದೆ. ಅವುಗಳಲ್ಲಿ ಇಪ್ಪತ್ತರ ಸುತ್ತ ಮೊಣಕಾಲೆತ್ತರದ ಪಾರದರ್ಶಕ ಗೋಡೆ ಇದೆ, ಮೇಲ್ಗಡೆ ತೆರೆದೇ ಇರುತ್ತದೆ. ಗೋಡೆ ಗಾಳಿಯನ್ನು ತಡೆದು ಒಳಗಿನ ನೆಲವನ್ನು ಒಂದೆರಡು ಡಿಗ್ರಿ ಬೆಚ್ಚಗಿಡುತ್ತದೆ. ನಾವು ಇವನ್ನು ಗೂಡು ಎನ್ನುತ್ತೇವೆ. ಉಳಿದ ಇಪ್ಪತ್ತು ಬಯಲು, ಏನೂ ಮಾಡದೆ ಬಿಟ್ಟವು. ಲೋಕ ಬಿಸಿಯಾದರೆ ಟಂಡ್ರಾದಲ್ಲಿ ಏನು ಬೆಳೆಯುತ್ತದೆ, ಏನು ಸಾಯುತ್ತದೆ ಎಂಬ ಪ್ರಶ್ನೆಗೆ ಈ ಗೂಡುಗಳು ಉತ್ತರ ಕೊಡಬೇಕು. ಆ ಬೇಸಿಗೆಯಲ್ಲಿ ಮೊದಲ ಸಲ ಪ್ರತಿಯೊಂದು ಜಾಗದಿಂದಲೂ ಒಂದು ಸಣ್ಣ ಚೌಕದಷ್ಟು ಗಿಡಗಳನ್ನು ಬುಡದವರೆಗೆ ಕತ್ತರಿಸಿ ತರಿಸಿದ್ದೆವು. ಒಂದು ಜಾಗಕ್ಕೆ ಒಂದು ಚೀಲ. ಆ ಚೌಕದಲ್ಲಿ ಮತ್ತೆ ಅಷ್ಟೇ ಗಿಡ ಬೆಳೆಯಬೇಕಾದರೆ ನನ್ನ ಆಯುಷ್ಯ ಸಾಲದು. ಹಾಗಾಗಿ ಇನ್ನೊಮ್ಮೆ ಕತ್ತರಿಸಿ ತರುವ ಮಾತಿರಲಿಲ್ಲ.

ನಾನು ಲ್ಯಾಬಿನ ಟೆಕ್ನಿಶಿಯನ್. ಹಿಂದೆ ಎರಡು ಬೇಸಿಗೆ ನಾನೇ ಅಲ್ಲಿಗೆ ಹೋಗಿದ್ದೆ. ಈಗ ಸಾಮಾನು ಕಟ್ಟಿ ಕಳಿಸುವುದು, ಬಂದದ್ದನ್ನು ಬಿಡಿಸುವುದು, ಒಣಗಿಸಿ ತೂಗುವುದು ನನ್ನ ಪಾಲಿನ ಕೆಲಸ. ಈ ಸಲ ಹೋಗಿ ಕತ್ತರಿಸಿ ತಂದವಳು ನಮ್ಮ ಪಿಎಚ್‌ಡಿ ವಿದ್ಯಾರ್ಥಿನಿ. ಅವಳು ಧಾರವಾಡದವಳು, ನಾನು ಉಡುಪಿ ಕಡೆಯವಳು. ಲ್ಯಾಬಿನಲ್ಲಿ ನಾವಿಬ್ಬರೇ ಇರುವಾಗ ಅವಳ ಕನ್ನಡ ಒಂದು ದಿಕ್ಕಿಗೆ, ನನ್ನದು ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಅವಳ ಥೀಸಿಸ್ಸಿನ ಮುಖ್ಯ ಅಧ್ಯಾಯವೇ ಈ ನಲವತ್ತು ಚೀಲ.

ಇಬ್ಬರೂ ಕೈಗವಸು ಹಾಕಿ ಪೆಟ್ಟಿಗೆ ಬಿಚ್ಚಿದೆವು. ಪ್ರತಿ ಚೀಲದೊಳಗೆ ನೀರು ತಾಗಿದರೂ ಕರಗದ ವಿಶೇಷ ಕಾಗದದ ಚೀಟಿ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಜಾಗದ ನಂಬರು ಇರಬೇಕು. ಅದು ನಿಯಮ, ನಿಯಮದ ಪುಟವನ್ನು ಬರೆದವಳು ನಾನೇ. ‘ಪೆನ್ಸಿಲ್’ ಎಂಬ ಪದ ಅದರಲ್ಲಿ ಮೂರು ಸಲ, ಮೂರೂ ಸಲ ದಪ್ಪಕ್ಷರದಲ್ಲಿ ಇದೆ. ಇಪ್ಪತ್ತೊಂಬತ್ತು ಚೀಲಗಳಲ್ಲಿ ಚೀಟಿ ಇತ್ತು. ಹನ್ನೊಂದರಲ್ಲಿ ಇರಲಿಲ್ಲ. ಹೊರಗಡೆ ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರಿನಲ್ಲಿ ಬರೆದದ್ದು ನೀರಿಗೆ ನೆನೆದು, ಒಂದಕ್ಕೊಂದು ತಿಕ್ಕಿ, ನೀಲಿ ಕಲೆಯಾಗಿ ಉಳಿದಿತ್ತು.

"ಎಂತ ಇದು?" ಎಂದೆ.

ಅವಳು ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ಅತ್ತಿತ್ತ ತಿರುಗಿಸಿದಳು. "ನಾ ಬರದಿದ್ದೆ ರೀ ಅಕ್ಕಾರ. ಎಲ್ಲಾದ್ರ ಮ್ಯಾಲೂ ಬರದಿದ್ದೆ. ಆ ಮಾರ್ಕರಿನ ಮ್ಯಾಲೆ ಪರ್ಮನೆಂಟ್ ಅಂತ ಇತ್ತ ರೀ."

"ಪೆನ್ಸಿಲಲ್ಲಿ ಬರೀಬೇಕು ಅಂತ ಎಷ್ಟು ಸಲ ಹೇಳಿದ್ದೆ ಮಾರಾಯ್ತಿ? ಇಪ್ಪತ್ತೊಂಬತ್ತಕ್ಕೆ ಬರ್ದಿದ್ದಿ, ಕೊನೆಗೆ ಸಾಕಾಯ್ತಾ?"

ಅವಳು ಚೀಲವನ್ನು ಕೆಳಗಿಟ್ಟಳು. "ಚಳಿ ಭಾಳ ಇತ್ತ ರೀ," ಎಂದಳು ಅಷ್ಟೇ.

ಆ ಉತ್ತರಕ್ಕೆ ನನ್ನ ಮಂಡೆ ಬಿಸಿಯಾಯಿತು. ಟಂಡ್ರಾದಲ್ಲಿ ಚಳಿ ಇರದೆ ಇನ್ನೇನಿರುತ್ತದೆ? ನಾನೂ ಅಲ್ಲಿ ಮೊಣಕಾಲೂರಿ, ಸೊಳ್ಳೆ ಕಚ್ಚಿಸಿಕೊಂಡು, ಮರಗಟ್ಟಿದ ಬೆರಳಿನಲ್ಲಿ ಬರೆದವಳೇ. ಆ ಮಧ್ಯಾಹ್ನ ಏನೇನು ಹೇಳಿದೆನೋ ಅದೆಲ್ಲವನ್ನೂ ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಅವಳು ತಲೆ ತಗ್ಗಿಸಿ ಚೀಲಗಳನ್ನು ಟ್ರೇಗೆ ಜೋಡಿಸುತ್ತ ನಿಂತಿದ್ದಳು.

ಮುಂದಿನ ಮೂರು ವಾರ ಚೀಟಿ ಇದ್ದ ಇಪ್ಪತ್ತೊಂಬತ್ತು ಚೀಲಗಳ ಕೆಲಸ. ಒಂದು ಚೀಲವನ್ನು ಬಿಳಿ ಟ್ರೇಯಲ್ಲಿ ಹರಡಿ, ದೀಪವಿರುವ ಭೂತಗನ್ನಡಿಯ ಕೆಳಗೆ ಚಿಮಟದಿಂದ ಒಂದೊಂದೇ ಎಳೆ ಹೆಕ್ಕಬೇಕು. ವಿಲೋ ಪೊದೆಯ ಎಲೆ ಒಂದು ಕಡೆ, ಕಾಂಡ ಇನ್ನೊಂದು ಕಡೆ. ಜೊಂಡು ಹುಲ್ಲು, ಹಾವಸೆ, ಕಲ್ಲುಹೂವು ಬೇರೆ ಬೇರೆ. ಸತ್ತದ್ದು, ಜೀವ ಇದ್ದದ್ದು ಬೇರೆ ಬೇರೆ. ಹಾವಸೆಯೊಳಗೆ ಸಿಕ್ಕಿಕೊಂಡ ಹುಲ್ಲಿನ ಎಳೆಯನ್ನು ತುಂಡಾಗದಂತೆ ಬಿಡಿಸುವುದು, ಒದ್ದೆ ಕೂದಲಿನ ಸಿಕ್ಕು ಬಿಡಿಸಿದ ಹಾಗೆ. ಆಮೇಲೆ ಕಾಗದದ ಲಕೋಟೆಗೆ ಹಾಕಿ ಅರವತ್ತು ಡಿಗ್ರಿಯ ಓವನ್ನಿನಲ್ಲಿ ಎರಡು ದಿನ ಒಣಗಿಸಿ ತೂಗಬೇಕು. ಚೀಲವೊಂದಕ್ಕೆ ಇಬ್ಬರು ಕೂತರೂ ಅರ್ಧ ದಿನಕ್ಕೆ ಕಡಿಮೆಯಿಲ್ಲ. ಇದರ ನಡುವೆ ಒಂದು ಭಾನುವಾರ ಕನ್ನಡದವರ ಪಿಕ್‌ನಿಕ್ಕಿಗೆ ಹೋದರೆ, ಅಲ್ಲಿದ್ದ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: "ಪೋಲಾರ್ ಬೇರ್ ನೋಡಿದ್ದೀರಾ?" ಇಲ್ಲ, ಕಲ್ಲುಹೂವು ನೋಡಿದ್ದೇನೆ ಎಂದೆ. ಅದು ಮಸಾಲೆಗೆ ಹಾಕುವುದಲ್ಲವೇ ಎಂದು ಕೇಳಿ ಅವರು ಬಿಸಿಬೇಳೆಬಾತಿನ ಕಡೆಗೆ ನಡೆದರು.

ಇಪ್ಪತ್ತೊಂಬತ್ತು ಮುಗಿದಾಗ ಒಂದು ವಿಷಯ ಸ್ಪಷ್ಟವಾಯಿತು. ಚೀಟಿ ಇದ್ದವುಗಳಲ್ಲಿ ಹದಿಮೂರು ಗೂಡಿನವು, ಹದಿನಾರು ಬಯಲಿನವು. ಅಂದರೆ ಹೆಸರಿಲ್ಲದ ಹನ್ನೊಂದರಲ್ಲಿ ಏಳು ಗೂಡಿನವು, ನಾಲ್ಕು ಬಯಲಿನವು. ಯಾವ ಹನ್ನೊಂದು ಜಾಗಗಳು ಎಂಬುದೂ ಗೊತ್ತು. ಯಾವ ಚೀಲ ಯಾವ ಜಾಗದ್ದು ಎಂಬುದೊಂದೇ ಗೊತ್ತಿಲ್ಲ.

ನಮ್ಮ ತಂಡದ ಮುಖ್ಯಸ್ಥರಾದ ಪ್ರೊಫೆಸರಿಗೆ ಆಗಲೇ ಅವಸರ. ಅನುದಾನ ಕೊಟ್ಟವರಿಗೆ ತಿಂಗಳ ಕೊನೆಯಲ್ಲಿ ವರದಿ ಹೋಗಬೇಕು, ಅದರಲ್ಲಿ ಈ ಬೇಸಿಗೆಯ ಫಲಿತಾಂಶ ಇರಬೇಕು. ಅವರು ಕೆಟ್ಟ ಮನುಷ್ಯರಲ್ಲ. ಜೀವನದ ಅರ್ಧ ಬೇಸಿಗೆಗಳನ್ನು ಆ ಬಯಲಿನಲ್ಲಿ ಕಳೆದವರು. ಮಾದರಿಗಳನ್ನು ತಣ್ಣಗಿಡುವ ಕೋಲ್ಡ್ ರೂಮಿಗೆ ಬಂದು, ಹನ್ನೊಂದು ಟ್ರೇಗಳಲ್ಲಿ ಹರಡಿಟ್ಟಿದ್ದ ಗಿಡಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು.

"ಇದರಲ್ಲಿ ಕಷ್ಟ ಏನಿದೆ?" ಎಂದರು. "ಇದು ನೋಡಿ, ವಿಲೋ ತುಂಬಿದೆ. ಗೂಡು. ಇದೂ ಗೂಡು. ಇದು ಬರೀ ಹಾವಸೆ, ಬಯಲು." ಹತ್ತು ನಿಮಿಷದಲ್ಲಿ ಏಳು ಗೂಡು, ನಾಲ್ಕು ಬಯಲು ಎಂದು ತಮ್ಮ ಕೈಯಲ್ಲೇ ಪಟ್ಟಿ ಬರೆದುಕೊಟ್ಟು ಹೋದರು.

ಸತ್ಯ ಹೇಳುತ್ತೇನೆ, ಆ ಪಟ್ಟಿ ಕೈಗೆ ಬಂದಾಗ ನನಗೆ ಆದದ್ದು ನಿರಾಳ. ಅವರ ಅನುಭವ ದೊಡ್ಡದು. ಅವರು ಹೇಳಿದ್ದನ್ನು ಕಂಪ್ಯೂಟರಿಗೆ ಹಾಕಿ ನಾನು ಮನೆಗೆ ಹೋಗಬಹುದಿತ್ತು. ಹಾಕಲೂ ಶುರುಮಾಡಿದೆ. ಮೊದಲನೆಯ ಟ್ರೇ, ಗೂಡು. ಎರಡನೆಯದು, ಗೂಡು. ಮೂರನೆಯದಕ್ಕೆ ಕೈ ನಿಂತಿತು. ಬೆಚ್ಚಗಾದರೆ ವಿಲೋ ಹೆಚ್ಚಾಗುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ವಿಲೋ ಹೆಚ್ಚಿರುವುದನ್ನೆಲ್ಲ ಬೆಚ್ಚಗಿನ ಗೂಡಿನದು ಎಂದು ನಾವೇ ಬರೆದುಕೊಂಡರೆ, ಉತ್ತರ ಹೌದು ಎಂದೇ ಬರುತ್ತದೆ. ಬಾರದೆ ಹೇಗಿರುತ್ತದೆ? ಟಂಡ್ರಾವನ್ನು ಕೇಳಬೇಕಾದ ಪ್ರಶ್ನೆಗೆ ನಾವೇ ಉತ್ತರ ಹೇಳಿಕೊಟ್ಟು, ಅದರ ಬಾಯಿಂದ ಹೇಳಿಸಿದ ಹಾಗೆ.

ಮರುದಿನ ಅದನ್ನೇ ಪ್ರೊಫೆಸರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ತತ್ವ ನನಗೂ ಗೊತ್ತು. ಆದರೆ ಇದು ಊಹೆಯಲ್ಲ, ಅನುಭವ. ಬೇಡವಾದರೆ ಹನ್ನೊಂದನ್ನೂ ಬಿಟ್ಟುಬಿಡಿ. ಆದರೆ ಏಳು ಗೂಡು ಕೈಬಿಟ್ಟರೆ ಅವಳ ಅಧ್ಯಾಯದಲ್ಲಿ ಏನು ಉಳಿಯುತ್ತದೆ, ಅದನ್ನೂ ನೀವೇ ಅವಳಿಗೆ ಹೇಳಿ."

ಮನೆಗೆ ಬಂದು ಗಂಡನ ಮುಂದೆ ಗೊಣಗಿದೆ. ಅವರು ಮೈಸೂರಿನವರು, ಯೂನಿಯನ್‌ವಿಲ್ ಹತ್ತಿರ ಸಾಫ್ಟ್‌ವೇರ್ ಕೆಲಸ. ಎಟೋಬಿಕೋಕ್‌ನ ನಮ್ಮ ಮನೆಯಿಂದ ಅಲ್ಲಿಗೆ ದಿನಾ ಡ್ರೈವ್ ಮಾಡಿ ಸುಸ್ತಾಗಿ ಬಂದು ಅನ್ನ ಕಲಸುತ್ತಿದ್ದರು.

"ಅಲ್ಲ ಕಣೆ, ಬಾಸೇ ಬರ್ಕೊಟ್ಟಿದಾರೆ. ತಪ್ಪಾದ್ರೆ ಅವ್ರ ತಲೆ ಮೇಲೆ. ನಿಂಗ್ಯಾಕೆ ಟೆನ್ಷನ್ನು?"

"ಎಂಟ್ರಿ ಮಾಡುದು ನಾನಲ್ವಾ? ನನ್ನ ಕೈಯಲ್ಲೇ ಮಾಡ್ಬೇಕಲ್ಲ?"

"ಹಾಗಾದ್ರೆ ಮಾಡ್ಬೇಡ," ಎಂದು ಮೊಸರು ಬಡಿಸಿಕೊಂಡರು. ಎಂಜಿನಿಯರುಗಳು ಸಮಸ್ಯೆಯನ್ನು ಹೀಗೆ ಬಗೆಹರಿಸುತ್ತಾರೆ.

ಹಾಗಾದರೆ ಬೇರೆ ಸಾಕ್ಷಿ ಬೇಕು, ವಿಲೋ ಎಷ್ಟಿದೆ ಎಂಬುದಕ್ಕೆ ಸಂಬಂಧವಿಲ್ಲದ ಸಾಕ್ಷಿ. ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ದಿನಾಂಕ, ಹವಾಮಾನ, ಜಾಗದ ನಂಬರು ಎಲ್ಲ ಇತ್ತು. ಚೀಲವನ್ನು ಗುರುತಿಸುವಂಥದ್ದು ಏನೂ ಇರಲಿಲ್ಲ. ಕ್ಯಾಮೆರಾ ಎರಡನೆಯ ದಿನವೇ ಕೆಟ್ಟಿತ್ತು. ಉಳಿದದ್ದು ಒಬ್ಬರೇ. ಆ ದ್ವೀಪದ ಮೂಲನಿವಾಸಿಗಳಾದ ಇನುಯಿಟ್ ಸಮುದಾಯದ ಹೆಂಗಸೊಬ್ಬರು ಹಲವು ವರ್ಷಗಳಿಂದ ನಮ್ಮ ತಂಡದ ಜೊತೆ ಬಂದೂಕು ಹಿಡಿದು ಕರಡಿ ಕಾವಲಿಗೆ ಬರುತ್ತಾರೆ. ನಾವು ನೆಲ ನೋಡುತ್ತ ಕುಳಿತಿರುವಾಗ ಅವರು ದಿಗಂತ ನೋಡುತ್ತಿರುತ್ತಾರೆ. ಅವರಿಗೆ ಏನಾದರೂ ನೆನಪಿರಬಹುದು ಎಂದು ಫೋನ್ ಹಚ್ಚಿದೆ.

ನಾಲ್ಕು ದಿನ ಯಾರೂ ಎತ್ತಲಿಲ್ಲ. ಐದನೆಯ ದಿನ ಅವರ ಮಗಳು ಎತ್ತಿ, ಅಮ್ಮ ಹಣ್ಣು ಬಿಡಿಸಲು ಹೋಗಿದ್ದಾರೆ ಎಂದಳು. ಎಂದು ಬರುತ್ತಾರೆ? ಹಣ್ಣು ಮುಗಿದಾಗ. ನನ್ನ ಅಸಹನೆ ಎಷ್ಟಿತ್ತೆಂದರೆ ಆ ಹಣ್ಣಿನ ಮೇಲೂ ಸಿಟ್ಟು ಬಂತು. ಕೊನೆಗೆ ಅವರೇ ಫೋನ್ ಮಾಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಲೈನು ಆಗಾಗ ಕಡಿಯುತ್ತಿತ್ತು, ನನ್ನ ಮಾತೇ ನನಗೆ ಮರಳಿ ಕೇಳುತ್ತಿತ್ತು.

"ಚೌಕಗಳ ಫೋಟೋ ನನ್ನ ಫೋನಿನಲ್ಲಿ ಇವೆ," ಎಂದರು.

ನಾನು ಕುರ್ಚಿಯಿಂದ ಎದ್ದೆ. "ಎಲ್ಲದರದ್ದೂ?"

"ಕೊನೆಯ ಹನ್ನೊಂದರದ್ದು. ಹುಡುಗಿ ಸಾಮಾನು ಬಿಚ್ಚುತ್ತಿರುವಾಗ, ಕತ್ತರಿಸುವ ಮೊದಲು ತೆಗೆದೆ. ಪ್ರತಿಯೊಂದರಲ್ಲೂ ಜಾಗದ ನಂಬರಿನ ತಗಡು ಕಾಣುತ್ತದೆ. ಆ ಮಾರ್ಕರ್ ನಿಲ್ಲುವುದಿಲ್ಲ ಅಂತ ಅನ್ನಿಸಿತ್ತು."

"ಆದರೆ ಮಾರ್ಕರ್ ಯಾಕೆ ಬಳಸಿದಿರಿ? ನಿಯಮದಲ್ಲಿ ಪೆನ್ಸಿಲ್ ಅಂತ..."

"ಪೆನ್ಸಿಲ್ ಇರಲಿಲ್ಲವಲ್ಲ," ಎಂದರು. "ನೀವು ಕಳಿಸಿದ ಪೆಟ್ಟಿಗೆಯಲ್ಲಿ ಕಾಗದ ಇತ್ತು, ಪೆನ್ಸಿಲ್ ಇರಲಿಲ್ಲ. ಆ ಹುಡುಗಿ ಎಲ್ಲ ಪೆಟ್ಟಿಗೆ ಮಗುಚಿ ಹುಡುಕಿದಳು. ನನ್ನ ಜೇಬಿನಲ್ಲಿ ಒಂದು ತುಂಡು ಇತ್ತು, ಕೊಟ್ಟೆ. ಇಪ್ಪತ್ತೊಂಬತ್ತು ಚೀಲದವರೆಗೆ ಬಂತು. ಆಮೇಲೆ ಹಿಡಿಯಲು ಏನೂ ಉಳಿಯಲಿಲ್ಲ. ನಿಮಗೆ ಅವಳು ಹೇಳಲಿಲ್ಲವೇ?"

ಹೇಳಿರಲಿಲ್ಲ. ಫೋನಿಟ್ಟು ಪ್ಯಾಕಿಂಗ್ ಪಟ್ಟಿ ತೆಗೆದೆ. ‘ಪೆನ್ಸಿಲ್, ಎರಡು ಡಜನ್’ ಎಂಬುದರ ಎದುರು ನನ್ನ ಕೈಯ ಟಿಕ್ ಗುರುತು, ಪಕ್ಕದಲ್ಲಿ ನನ್ನ ಇನಿಶಿಯಲ್ಲು. ಪೆನ್ಸಿಲಿನ ಎರಡು ಪೊಟ್ಟಣಗಳು ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡ್ ಹಾಕಿದ ಹಾಗೇ ಇದ್ದವು. ಒಟ್ಟಿಗೆ ಹಾಕೋಣ ಎಂದು ಇಟ್ಟು, ಟಿಕ್ ಮಾತ್ರ ಹಾಕಿದ್ದೆ.

ಅದು ಶುಕ್ರವಾರ. ಸೋಮವಾರದವರೆಗೆ ಕಾಯಲು ನನ್ನಿಂದ ಆಗಲಿಲ್ಲ. ವಿದ್ಯಾರ್ಥಿನಿ ಪೋರ್ಟ್ ಕ್ರೆಡಿಟ್‌ನ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಳು. ಶನಿವಾರ ಬೆಳಿಗ್ಗೆ ಫೋನ್ ಮಾಡಿ, ಅಲ್ಲಿನ ಸರೋವರದ ದಂಡೆಗೆ ಬಾ ಎಂದೆ. ಮತ್ತೇನು ತಪ್ಪಾಯಿತೋ ಎಂಬ ಮುಖ ಹೊತ್ತು ಬಂದಳು. ದೋಣಿಗಳು ಕಟ್ಟಿದ್ದ ಕಟ್ಟೆಯ ಪಕ್ಕದ ದಾರಿಯಲ್ಲಿ ಸ್ವಲ್ಪ ದೂರ ನಡೆದೆವು. ಹೇಗೆ ಶುರುಮಾಡುವುದೆಂದು ತಿಳಿಯದೆ ನೇರವಾಗಿ ಕೇಳಿದೆ.

"ಪೆನ್ಸಿಲ್ ನಾನು ಹಾಕ್ಲೇ ಇಲ್ಲ. ನಿಂಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ ನೀನು?"

ಅವಳು ನೀರಿನ ಕಡೆ ನೋಡಿದಳು. "ಹೆಂಗ ಹೇಳೂದ್ರೀ? ನೀವು ಪೆನ್ಸಿಲ್ ಪೆನ್ಸಿಲ್ ಅಂತ ಒಂದ ಸವನ ಬೈಲಿಕ್ಕತ್ತಿದ್ರಿ. ನಡುವ ನಾ ‘ನೀವ ಇಟ್ಟಿಲ್ರಿ’ ಅಂದ್ರ, ತಪ್ಪು ಇನ್ನೊಬ್ರ ಮ್ಯಾಲೆ ಹಾಕ್ತಾಳ ಅಂತಿದ್ರಿ. ಮತ್ತ ನನಗೂ ಅನಸ್ತು, ಹೊಂಡೂ ಮೊದಲ ನಾನರ ಚೆಕ್ ಮಾಡ್ಬೇಕಿತ್ತು."

"ನಿನ್ನ ಕೆಲಸ ಅಲ್ಲ ಅದು. ನನ್ನದು."

"ಹೌದ್ರೀ," ಎಂದಳು. ನಾನು ನಿರೀಕ್ಷಿಸಿದ್ದು ‘ಇರಲಿ ಬಿಡ್ರಿ’ ಎಂಬ ಮಾತು. ಅವಳು ಅದನ್ನು ಹೇಳಲಿಲ್ಲ. ಹೆಜ್ಜೆ ಹಾಕುತ್ತಲೇ, "ಒಂದು ತಿಂಗಳಾತ್ರಿ ಅಕ್ಕಾರ, ನನಗ ಸರಿಯಾಗಿ ನಿದ್ದಿ ಇಲ್ಲ," ಎಂದಳು. ನಾನು ಕ್ಷಮೆ ಕೇಳಿದೆ. ಕನ್ನಡದಲ್ಲಿ ಆ ಮಾತು ನಾಟಕದ ಮಾತಿನ ಹಾಗೆ ಕೇಳಿಸಿತು, ಇಂಗ್ಲಿಷಿನಲ್ಲಿ ತೀರಾ ಹಗುರ. ಎರಡರಲ್ಲೂ ಹೇಳಿದೆ. ಅವಳು ತಲೆಯಾಡಿಸಿದಳು. ಆಮೇಲೆ ಫೋಟೋಗಳ ವಿಷಯ ಹೇಳಿದೆ. ಆಗ ಮಾತ್ರ ನಿಂತು ನನ್ನ ಮುಖ ನೋಡಿದಳು.

ಫೋಟೋ ಇದ್ದರೆ ಸಾಲದು, ಅದನ್ನು ನೋಡುವ ಕ್ರಮ ಸರಿಯಿರಬೇಕು. ಚಿತ್ರದಲ್ಲಿ ಗೂಡಿನ ಗೋಡೆ ಕಂಡರೆ ನಮ್ಮ ಕಣ್ಣು ತಾನಾಗಿಯೇ ವಿಲೋ ತುಂಬಿದ ಟ್ರೇಯತ್ತ ಓಡುತ್ತದೆ. ಹಾಗಾಗಿ ಚಿತ್ರಗಳನ್ನು ನಮಗೆ ಕಳಿಸಬೇಡಿ, ಪ್ರೊಫೆಸರಿಗೆ ಕಳಿಸಿ ಎಂದು ಕಾವಲಿನ ಹೆಂಗಸಿಗೆ ಹೇಳಿದೆ. ಪ್ರೊಫೆಸರು ಪ್ರತಿ ಚಿತ್ರದಲ್ಲೂ ಗೋಡೆ, ನಂಬರಿನ ತಗಡು ಎಲ್ಲವನ್ನೂ ಕತ್ತರಿಸಿ ತೆಗೆದು, ಚೌಕದ ಒಳಭಾಗವನ್ನಷ್ಟೇ ಮುದ್ರಿಸಿ, ಒಂದೊಂದಕ್ಕೆ ಒಂದು ಅಕ್ಷರ ಕೊಡಬೇಕು. ಯಾವ ಅಕ್ಷರ ಯಾವ ಜಾಗ ಎಂಬುದನ್ನು ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ ತಮ್ಮಲ್ಲೇ ಇಟ್ಟುಕೊಳ್ಳಬೇಕು. ಈ ಕೋರಿಕೆಯ ಜೊತೆಗೆ ಪೆನ್ಸಿಲಿನ ವಿಷಯವನ್ನೂ, ಅದು ನನ್ನ ತಪ್ಪು ಎಂಬುದನ್ನೂ ಹೇಳಿದೆ.

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. "ವರದಿಗೆ ಒಂಬತ್ತು ದಿನ ಇದೆ. ನಾನು ಕೂತು ಫೋಟೋ ಕತ್ತರಿಸಬೇಕು, ಹಾಗೇನು?"

"ಹೌದು. ಬೇರೆ ಯಾರು ಕತ್ತರಿಸಿದರೂ ಅವರಿಗೆ ಹೇಳಿಕೊಡಬೇಕಾಗುತ್ತದೆ."

ಕತ್ತರಿಸಿದರು. ಗೊಣಗಿಕೊಂಡೇ ಕತ್ತರಿಸಿದರು. ಮೊದಲು ಬಂದ ಚಿತ್ರಗಳು ಮೆಸೇಜಿನಲ್ಲಿ ಕುಗ್ಗಿ ಅಂಚೆಚೀಟಿಯಷ್ಟಾಗಿದ್ದವು. ಮೂಲ ಚಿತ್ರಗಳನ್ನೇ ಕೇಳಿದರೆ, ಅಲ್ಲಿನ ಇಂಟರ್ನೆಟ್ಟಿನಲ್ಲಿ ದಿನಕ್ಕೆ ಮೂರೋ ನಾಲ್ಕೋ ಬರುತ್ತಿದ್ದವು. ಒಂದು ಅರ್ಧಕ್ಕೇ ನಿಂತಿತು. ಇನ್ನೊಂದರಲ್ಲಿ ಲೆನ್ಸಿನ ಮೇಲೆ ಹನಿ ಕೂತು ಮುಕ್ಕಾಲು ಪಾಲು ಮಸುಕು. ಕೊನೆಯ ಚಿತ್ರ ತಲುಪಿದಾಗ ವರದಿಗೆ ಐದು ದಿನ ಉಳಿದಿತ್ತು.

ನಾನೂ ವಿದ್ಯಾರ್ಥಿನಿಯೂ ಕೆಲಸಕ್ಕೆ ಕೂರುವ ಮೊದಲೇ ಒಂದು ನಿಯಮ ಬರೆದುಕೊಂಡೆವು. ವಿಲೋ ಹೆಚ್ಚು, ಹಾವಸೆ ಕಡಿಮೆ ಎಂದು ನೋಡಿ ಹೊಂದಿಸುವಂತಿಲ್ಲ. ಚಿತ್ರದಲ್ಲೂ ಟ್ರೇಯಲ್ಲೂ ಒಂದೇ ವಸ್ತು ಕಾಣಬೇಕು. ಇಬ್ಬರೂ ಬೇರೆ ಬೇರೆ ದಿನ, ಒಬ್ಬರ ಉತ್ತರ ಇನ್ನೊಬ್ಬರು ನೋಡದೆ ಹೊಂದಿಸಬೇಕು. ಇಬ್ಬರದೂ ಒಂದೇ ಆದರೆ ಮಾತ್ರ ಒಪ್ಪಿಗೆ.

ಕೋಲ್ಡ್ ರೂಮಿನಲ್ಲಿ ಜಾಕೆಟ್ಟು, ಟೋಪಿ ಹಾಕಿಕೊಂಡು ಇಡೀ ದಿನ. ಹೊರಗೆ ಸೆಪ್ಟೆಂಬರಿನ ಬಿಸಿಲಿಗೆ ಜನ ಇನ್ನೂ ಚಡ್ಡಿ ಹಾಕಿ ಐಸ್‌ಕ್ರೀಂ ತಿನ್ನುತ್ತಿದ್ದ ಕಾಲ. ಮೊದಲ ಎರಡು ಗಂಟೆ ನನಗೆ ಏನೂ ಕಾಣಲಿಲ್ಲ. ಎಲ್ಲ ಚಿತ್ರವೂ ಒಂದೇ ಕಂದು ಹಸಿರು. ಆಮೇಲೆ ಕಣ್ಣು ಪಳಗಿತು. ಒಂದು ಚಿತ್ರದಲ್ಲಿ ಹಾವಸೆಯ ನಡುವೆ ಬಿಳಿ ಗರಿಯೊಂದು ಅಡ್ಡ ಬಿದ್ದಿತ್ತು. ಆರನೆಯ ಟ್ರೇಯ ಮೂಲೆಯಲ್ಲಿ ಅದೇ ಗರಿ, ತುದಿ ಮುರಿದದ್ದು. ಇನ್ನೊಂದರಲ್ಲಿ ಆ ಬಯಲಿನಲ್ಲಿ ಮೇಯುವ ಕಸ್ತೂರಿ ಎತ್ತಿನ ಉಣ್ಣೆಯ ಗಂಟು. ಮತ್ತೊಂದರಲ್ಲಿ ವಿಲೋ ಕಾಂಡವೊಂದು ಕಲ್ಲಿಗೆ ಅಡ್ಡ ಸಿಕ್ಕಿ ಎರಡು ಸಲ ಬಾಗಿ ಬೆಳೆದಿತ್ತು. ಟ್ರೇಯಲ್ಲಿ ಆ ಕಾಂಡವನ್ನು ಚಿಮಟದಿಂದ ಎತ್ತಿ ಚಿತ್ರದ ಮೇಲೆ ಹಿಡಿದರೆ, ಬಾಗು ಬಾಗಿಗೆ ಕೂತಿತು. ಹೆಬ್ಬೆರಳಿನಷ್ಟೂ ದಪ್ಪವಿಲ್ಲದ ಆ ಕಾಂಡ ನನಗಿಂತ ಹಿರಿಯದಿರಬಹುದು. ಆ ಕ್ಷಣ, ಒಂದು ತಿಂಗಳಲ್ಲಿ ಮೊದಲ ಸಲ, ಈ ಕೆಲಸಕ್ಕೆ ನಾನು ಯಾಕೆ ಬಂದೆ ಎಂಬುದು ನೆನಪಾಯಿತು. ಮುಂದಿನ ಚಿತ್ರ ಮತ್ತೆ ಬರೀ ಕಂದು ಹಸಿರು.

ಮರುದಿನ ಅವಳು ಮಾಡಿದಳು. ಸಂಜೆ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟೆವು. ಎಂಟು ಒಂದೇ ಆಗಿದ್ದವು. ಒಂದರಲ್ಲಿ ನಾವು ಬೇರೆ ಬೇರೆ ಹೇಳಿದ್ದೆವು. ಎರಡಕ್ಕೆ ಇಬ್ಬರೂ ಏನೂ ಬರೆದಿರಲಿಲ್ಲ.

"ಆ ಒಂದನ್ನ ಇನ್ನೊಮ್ಮೆ ಇಬ್ಬರೂ ಸೇರಿ ನೋಡೂಣೇನ್ರಿ?" ಎಂದಳು.

ನನಗೂ ಅದೇ ಆಸೆ. ಒಂದು ಹೊಂದಿದರೂ ಒಂಬತ್ತಾಗುತ್ತದೆ. ಆದರೆ ಇಬ್ಬರೂ ಸೇರಿ ನೋಡಿದರೆ, ಇಬ್ಬರಲ್ಲಿ ಜೋರಾಗಿ ಮಾತಾಡುವವಳು ಗೆಲ್ಲುತ್ತಾಳೆ. ಅದು ಯಾರೆಂದು ಇಬ್ಬರಿಗೂ ಗೊತ್ತಿತ್ತು. "ಬೇಡ ಮಾರಾಯ್ತಿ," ಎಂದೆ. "ಎಂಟು ಸಾಕು."

ಲಕೋಟೆ ಒಡೆದದ್ದು ಪ್ರೊಫೆಸರರ ಕೋಣೆಯಲ್ಲಿ. ಅವರು ಅಕ್ಷರ ಓದಿ ಜಾಗ ಹೇಳುತ್ತ ಹೋದರು, ಅವಳು ಬರೆದುಕೊಂಡಳು. ಎಂಟರಲ್ಲಿ ಐದು ಗೂಡು, ಮೂರು ಬಯಲು. ನಾನು ಅವರೇ ಹಿಂದೆ ಕೊಟ್ಟಿದ್ದ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರೇ ಬೆರಳಿಟ್ಟು ಹೋಲಿಸಿದರು. ಎಂಟರಲ್ಲಿ ಮೂರು ತಪ್ಪಿದ್ದವು. ವಿಲೋ ಗಿಜಿಗುಟ್ಟುತ್ತಿದ್ದ, ಅವರು ನೋಡಿದ ಕೂಡಲೇ ಗೂಡು ಎಂದಿದ್ದ ಎರಡು ಟ್ರೇಗಳು ಬಯಲಿನವು. ಬರೀ ಹಾವಸೆ ಎಂದು ಬಯಲಿಗೆ ಹಾಕಿದ್ದ ಒಂದು, ಗೂಡಿನದು.

ಅವರು ಪಟ್ಟಿಯನ್ನು ಇನ್ನೊಮ್ಮೆ ಓದಿದರು. "ಈ ಹದಿನೇಳನೆಯ ನಂಬರಿನ ಜಾಗವನ್ನು ಗುರುತು ಹಾಕಿದವನು ನಾನೇ," ಎಂದರು ಮೆಲ್ಲಗೆ. "ಅಲ್ಲಿ ತಗ್ಗಿದೆ. ಹಿಮ ತಡವಾಗಿ ಕರಗುತ್ತದೆ, ನೀರು ನಿಲ್ಲುತ್ತದೆ. ಅಲ್ಲಿ ಯಾವಾಗಲೂ ವಿಲೋ ಇತ್ತು. ನನಗೆ ಹೊಳೆಯಲೇ ಇಲ್ಲ." ಆಮೇಲೆ ವಿದ್ಯಾರ್ಥಿನಿಯ ಕಡೆ ತಿರುಗಿ, "ಮೂರನ್ನು ಬಿಟ್ಟು ಮೂವತ್ತೇಳರಲ್ಲಿ ಲೆಕ್ಕ ಹಾಕು. ಬಂದದ್ದು ಬರಲಿ," ಎಂದರು.

ಎಂಟು ಟ್ರೇಗಳನ್ನು ವಿಂಗಡಿಸಿ ಒಣಗಿಸಿ ತೂಗುವ ಹೊತ್ತಿಗೆ ವರದಿಯ ದಿನ ದಾಟಿತ್ತು. ಪ್ರೊಫೆಸರು ಒಂದು ವಾರ ಹೆಚ್ಚಿಗೆ ಕೇಳಿ ಪಡೆದರು. ಹಾಗೆ ಕೇಳುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ಬಂದದ್ದು ಇಷ್ಟು: ಗೂಡುಗಳಲ್ಲಿ ವಿಲೋ ಹೆಚ್ಚಿದೆ, ಆದರೆ ನಾವು ಅಂದುಕೊಂಡಷ್ಟಲ್ಲ. ತಗ್ಗಿನ ಜಾಗಗಳಲ್ಲಿ ಗೂಡಿಗಿಂತ ನೀರೇ ಹೆಚ್ಚು ಕೆಲಸ ಮಾಡಿದ ಹಾಗಿದೆ. ವಿದ್ಯಾರ್ಥಿನಿಯ ಅಧ್ಯಾಯದ ಅರ್ಧ ಪುಟಗಳು ಕಸದ ಬುಟ್ಟಿಗೆ ಹೋದವು. ಆ ಅರ್ಧವನ್ನು ನೀರಿನ ಪ್ರಶ್ನೆ ಹಿಡಿದು ಮತ್ತೆ ಬರೆಯಲು ಅವಳಿಗೆ ಇಡೀ ಚಳಿಗಾಲ ಬೇಕಾಯಿತು. ಆ ಚಳಿಗಾಲದಲ್ಲಿ ಅವಳು ನನ್ನೊಡನೆ ಮೊದಲಿನಷ್ಟು ಸಲೀಸಾಗಿ ಹರಟಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಚೀಟಿಯಿಲ್ಲದ ಚೀಲಗಳ ಕಥೆಯನ್ನು, ನನ್ನ ಟಿಕ್ ಗುರುತು ಸೇರಿದಂತೆ, ಒಂದು ಪುಟದಲ್ಲಿ ಬರೆದು ದತ್ತಾಂಶದ ಜೊತೆ ಸೇರಿಸಿದೆವು. ಪ್ರೊಫೆಸರು ಅದನ್ನು ಓದಿ, ತಮ್ಮ ಪಟ್ಟಿಯ ವಿಷಯವನ್ನೂ ಒಂದು ಸಾಲು ಸೇರಿಸಿ ಎಂದರು.

ಪ್ರತಿ ವರ್ಷ ನಮ್ಮ ಕೆಲಸದ ಸಾರಾಂಶವನ್ನು ದ್ವೀಪದ ಸಮುದಾಯಕ್ಕೂ ಕಳಿಸಬೇಕು. ಆ ವರ್ಷದ ಎರಡು ಪುಟವನ್ನು ನಾನು ಬರೆದೆ. ಕಳಿಸಿದ ಕೆಲವು ದಿನಗಳಿಗೆ ಕಾವಲಿನ ಹೆಂಗಸು ಫೋನ್ ಮಾಡಿದರು. ಹಿಂದೆ ನಾಯಿ ಬೊಗಳುತ್ತಿತ್ತು, ಯಾರೋ ಟಿವಿ ಹಾಕಿದ್ದರು.

"ಸಭೆಯಲ್ಲಿ ಓದಿ ಹೇಳಿದೆ," ಎಂದರು. "ಒಬ್ಬ ಹಿರಿಯರು ಎರಡು ಸಲ ಓದಿಸಿದರು. ಮೂರು ಜಾಗದ ಬಗ್ಗೆ ನಮಗೆ ಗೊತ್ತಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು."

ಮುಜುಗರವಾಯಿತು. "ಅದು ಇನ್ನೂ ಚೆನ್ನಾಗಿ ಆಗಬಹುದಿತ್ತು. ತಪ್ಪು ನಮ್ಮದೇ."

"ಇಲ್ಲ, ಅವರಿಗೆ ಖುಷಿಯಾಯಿತು," ಎಂದರು. "ಇಷ್ಟು ವರ್ಷ ನೀವು ಕಳಿಸಿದ ಕಾಗದಗಳಲ್ಲಿ ಎಲ್ಲ ಗೊತ್ತು ಅಂತಲೇ ಇರುತ್ತಿತ್ತು. ಹಾಗಾಗಿ ಅವರು ಯಾವತ್ತೂ ಏನೂ ಹೇಳಿರಲಿಲ್ಲ. ಈಗ ಹೇಳಬೇಕಂತೆ. ಆ ತಗ್ಗಿನಲ್ಲಿ ಅವರ ತಂದೆಯ ಕಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತಿತ್ತು ಅಂತ ಅವರಿಗೆ ನೆನಪಿದೆ. ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ. ಬರೆದುಕೊಳ್ಳುತ್ತೀರಾ?"

ಒಂದು ನಿಮಿಷ ಇರಿ ಎಂದು ನೋಟ್‌ಬುಕ್ಕಿನ ಹೊಸ ಪುಟ ತೆರೆದು, ಕೋಲ್ಡ್ ರೂಮಿನಲ್ಲಿದ್ದ ವಿದ್ಯಾರ್ಥಿನಿಯನ್ನು ಕೂಗಿ ಕರೆದೆ. ಅವಳು ಜಾಕೆಟ್ಟಿನಲ್ಲೇ ಓಡಿಬಂದು ಪಕ್ಕದ ಕುರ್ಚಿ ಎಳೆದು ಕುಳಿತಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದೆ ಇಟ್ಟೆ. ಆ ಕಡೆಯಿಂದ ವಯಸ್ಸಾದ ದನಿಯೊಂದು ನಿಧಾನವಾಗಿ ಹೇಳತೊಡಗಿತು.